ಕಷ್ಟದ ಪ್ರಶ್ನೆಗಳನ್ನು ಕೊನೆಗೆ ಇಟ್ಟವರು ಯಾರು?

ಓದುಗರ ಪತ್ರ: "ಸಂಪಾದಕರಿಗೆ ನಮಸ್ಕಾರ. ಕಳೆದ ಸಂಚಿಕೆಯಲ್ಲಿ ಗಾಜಾ ಕುರಿತ ಲೇಖನ ಓದಿದೆ. ನನ್ನ ತಂಗಿಯ ಮಗಳು ಇಸ್ರೇಲಿನಲ್ಲಿ ವೃದ್ಧೆಯೊಬ್ಬರ ಆರೈಕೆಯ ಕೆಲಸದಲ್ಲಿದ್ದಾಳೆ. ಅಲ್ಲಿ ಸೈರನ್ ಕೂಗಿದ ಸುದ್ದಿ ಬಂದರೆ ಇಲ್ಲಿ ನಮ್ಮ ಮನೆಯಲ್ಲಿ ಯಾರೂ ಮಲಗುವುದಿಲ್ಲ. 1993ರಲ್ಲಿ ಇಸ್ರೇಲ್ ಪ್ರಧಾನಿ ರಾಬಿನ್ ಮತ್ತು ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಯ ನಾಯಕ ಅರಾಫತ್ ಕೈಕುಲುಕಿದ್ದನ್ನು ದೂರದರ್ಶನದಲ್ಲಿ ನೋಡಿ ಕಣ್ಣು ತುಂಬಿಕೊಂಡವನು ನಾನು. ಈಗ ಅನ್ನಿಸುತ್ತದೆ, ಇಷ್ಟೆಲ್ಲ ಅನಾಹುತಕ್ಕೆ ಆ ಆದರ್ಶವಾದಿಗಳೇ ಮೂಲ. ಆಗದ ಕನಸನ್ನು ಜನರಿಗೆ ಮಾರಿದರು, ಇಬ್ಬರೂ ಮಾತಿಗೆ ತಪ್ಪಿದರು. ಇನ್ನಾದರೂ ಮಾತುಕತೆಯ ನಾಟಕ ಬಿಟ್ಟು ವಾಸ್ತವವನ್ನು ಒಪ್ಪಿಕೊಳ್ಳುವುದು ಲೇಸಲ್ಲವೇ?" (ನಿವೃತ್ತ ಅಧ್ಯಾಪಕರು, ಉಡುಪಿ ಜಿಲ್ಲೆ)

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಪತ್ರಕ್ಕೆ ನಾಲ್ಕು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ. ಮೂರು ದಶಕಗಳ ಹಿಂದೆ, ಅಷ್ಟು ದೂರದ ಅಂಗಳವೊಂದರಲ್ಲಿ ನಡೆದ ಕೈಕುಲುಕನ್ನು ಇಂದಿಗೂ ಮನಸ್ಸಿನಲ್ಲಿಟ್ಟುಕೊಂಡು ಕೊರಗುವ ಓದುಗರು ನಮಗಿದ್ದಾರೆ ಎಂಬುದೇ ಹೆಮ್ಮೆಯ ಸಂಗತಿ. ಮೊದಲಿಗೆ, ನಿಮ್ಮ ತಂಗಿಯ ಮಗಳು ಕ್ಷೇಮವಾಗಿರಲಿ. ಉಡುಪಿ, ಮಂಗಳೂರು ಕಡೆಯಿಂದ ಹೋಗಿ ಅಲ್ಲಿನ ಹಿರಿಯರನ್ನು ಎಬ್ಬಿಸಿ, ಉಣ್ಣಿಸಿ, ಮಲಗಿಸುತ್ತಿರುವ ನಮ್ಮ ಮಕ್ಕಳು ಬಹಳ ಮಂದಿ. ಆ ಮನೆಗಳ ಒಳಗಿನ ಭಯವನ್ನು ಯಾವ ಪತ್ರಕರ್ತನಿಗಿಂತಲೂ ಹತ್ತಿರದಿಂದ ಬಲ್ಲವರು ಅವರು. ಆ ಭಯ ಸುಳ್ಳೆಂದು ನಾನು ಎಂದೂ ಹೇಳಿಲ್ಲ, ಹೇಳುವುದೂ ಇಲ್ಲ.

ನಿಮ್ಮ ಪತ್ರದಲ್ಲಿ ಒಪ್ಪಬೇಕಾದದ್ದು ಇದೆ. ಅರಾಫತ್ ಮಾತಿಗೆ ತಪ್ಪಿದ್ದುಂಟು. ಹಿಂಸೆಯನ್ನು ತ್ಯಜಿಸುವುದಾಗಿ, ತಮ್ಮ ಕಡೆಯ ಬಂದೂಕುಗಳನ್ನು ಹತೋಟಿಯಲ್ಲಿಡುವುದಾಗಿ ಬರೆದುಕೊಟ್ಟವರು, 1993ರ ಆ ಓಸ್ಲೊ ಒಪ್ಪಂದದ ಮರುವರ್ಷವೇ ಜೊಹಾನ್ಸ್‌ಬರ್ಗಿನ ಮಸೀದಿಯೊಂದರಲ್ಲಿ ಅದನ್ನು ಪ್ರವಾದಿ ಮುಹಮ್ಮದರ ಕಾಲದ, ಕೆಲವೇ ವರ್ಷಗಳಲ್ಲಿ ಮುರಿದುಬಿದ್ದ ಹುದೈಬಿಯಾ ಕರಾರಿಗೆ ಹೋಲಿಸಿದರು. ಇದು ತಾತ್ಕಾಲಿಕ ಕದನವಿರಾಮವಷ್ಟೇ ಎಂದು ಇಸ್ರೇಲಿಗರು ಅದನ್ನು ಅರ್ಥಮಾಡಿಕೊಂಡರು. 1996ರ ಫೆಬ್ರುವರಿ, ಮಾರ್ಚ್‌ನಲ್ಲಿ ಜೆರುಸಲೇಮಿನ 18ನೇ ಸಂಖ್ಯೆಯ ಬಸ್ಸು ಒಂದು ವಾರದ ಅಂತರದಲ್ಲಿ ಎರಡು ಸಲ ಸಿಡಿಯಿತು. ಬೆಳಿಗ್ಗೆ ಕೆಲಸಕ್ಕೆ ಹೊರಟವರು ಸತ್ತರು. ಹಮಾಸ್ ಮಾಡಿದ ಆ ಕೊಲೆಗಳಿಗೆ ಯಾವ ಸಮರ್ಥನೆಯೂ ಇಲ್ಲ. ಅದೇ ಮೇ ತಿಂಗಳ ಚುನಾವಣೆಯಲ್ಲಿ ಒಪ್ಪಂದದ ಪರವಿದ್ದ ಇಸ್ರೇಲ್ ಪ್ರಧಾನಿ ಶಿಮೊನ್ ಪೆರೆಸ್ ಕೂದಲೆಳೆಯ ಅಂತರದಲ್ಲಿ ಸೋತು ಅದನ್ನು ವಿರೋಧಿಸುತ್ತಿದ್ದ ಬೆಂಜಮಿನ್ ನೆತನ್ಯಾಹು ಗೆದ್ದದ್ದಕ್ಕೆ ಆ ಬಸ್ಸುಗಳೂ ಕಾರಣ. ಇಷ್ಟನ್ನು ನಿಮ್ಮ ಪಾಲಿಗೆ ಬರೆದುಕೊಳ್ಳಿ.

"ಆದರ್ಶವಾದಿಗಳೇ ಮೂಲ" ಎಂಬ ಮಾತನ್ನು ಮಾತ್ರ ಒಪ್ಪಲಾರೆ. ಆ ಒಪ್ಪಂದವನ್ನು ಬರೆದವರು ಆದರ್ಶವಾದಿಗಳಲ್ಲ, ವ್ಯವಹಾರ ಬಲ್ಲವರು ಎನ್ನಿಸಿಕೊಂಡವರು. ಆದರ್ಶವಾದಿಗಳು ಅಂದು ಬಾಗಿಲ ಹೊರಗಿದ್ದರು. ಅವರಲ್ಲಿ ಒಬ್ಬರ ಹೆಸರನ್ನು ನೀವು ತಿಳಿದಿರಲೇಬೇಕು: ಡಾ. ಹೈದರ್ ಅಬ್ದೆಲ್ ಶಾಫಿ.

1919ರಲ್ಲಿ ಗಾಜಾದಲ್ಲಿ ಹುಟ್ಟಿದವರು, ಬೈರೂತಿನಲ್ಲಿ ವೈದ್ಯಕೀಯ ಓದಿ ಊರಿಗೆ ಮರಳಿದವರು, ಅಲ್ಲಿ ರೆಡ್ ಕ್ರೆಸೆಂಟ್ ಸಂಸ್ಥೆಯನ್ನು ಕಟ್ಟಿದವರು. 1991ರಲ್ಲಿ ಮ್ಯಾಡ್ರಿಡ್ ಶಾಂತಿ ಸಮ್ಮೇಳನಕ್ಕೆ ಪ್ಯಾಲೆಸ್ಟೀನಿಯರ ನಿಯೋಗ ಹೋದಾಗ ಅದರ ಮುಖ್ಯಸ್ಥರು ಎಪ್ಪತ್ತು ದಾಟಿದ ಈ ವೈದ್ಯರೇ. ಆಮೇಲೆ ವಾಷಿಂಗ್ಟನ್ನಿನಲ್ಲಿ ಸುತ್ತಿನ ಮೇಲೆ ಸುತ್ತು ಮಾತುಕತೆ ನಡೆದಾಗ ಅವರು ಒಂದೇ ಹಟ ಹಿಡಿದರು: 1967ರ ಯುದ್ಧದಲ್ಲಿ ಇಸ್ರೇಲ್ ಆಕ್ರಮಿಸಿದ ಪಶ್ಚಿಮ ದಂಡೆ, ಗಾಜಾ, ಪೂರ್ವ ಜೆರುಸಲೇಮಿನಲ್ಲಿ ಯಹೂದಿ ವಸಾಹತುಗಳನ್ನು ಕಟ್ಟುವುದನ್ನು ಮೊದಲು ನಿಲ್ಲಿಸಿ, ಉಳಿದದ್ದನ್ನು ಆಮೇಲೆ ಮಾತನಾಡೋಣ. ಮಾತುಕತೆ ನಡೆಯುವ ನೆಲವೇ ಮಾತುಕತೆ ಮುಗಿಯುವಷ್ಟರಲ್ಲಿ ಕರಗಿಹೋದರೆ ಯಾವುದಕ್ಕೆ ಸಹಿ ಹಾಕುವುದು ಎಂಬುದು ಅವರ ಪ್ರಶ್ನೆ. ಹಟಮಾರಿ ಎಂದರು, ಹಳೆಯ ಕಾಲದವರು ಎಂದರು. ಅವರ ನಿಯೋಗ ವಾಷಿಂಗ್ಟನ್ನಿನಲ್ಲಿ ಕುಳಿತಿರುವಾಗಲೇ, ಅವರ ಬೆನ್ನ ಹಿಂದೆ, ನಾರ್ವೆಯ ಓಸ್ಲೊದಲ್ಲಿ ಇನ್ನೊಂದು ಮೇಜು ಹಾಕಲಾಗಿತ್ತು. ಅಲ್ಲಿಗೆ ಹೋದವರು ವಸಾಹತುಗಳನ್ನು ನಿಲ್ಲಿಸುವ ಷರತ್ತನ್ನು ಬಿಟ್ಟುಕೊಟ್ಟರು. ನೀವು ದೂರದರ್ಶನದಲ್ಲಿ ನೋಡಿದ ಆ ಸಮಾರಂಭಕ್ಕೆ ಅಬ್ದೆಲ್ ಶಾಫಿ ಹೋಗಲಿಲ್ಲ. 1996ರ ಚುನಾವಣೆಯಲ್ಲಿ ಗಾಜಾದ ಜನ ಅವರನ್ನು ಭಾರೀ ಮತಗಳಿಂದ ಪ್ಯಾಲೆಸ್ಟೀನ್ ಶಾಸನಸಭೆಗೆ ಕಳಿಸಿದರು. ಅರಾಫತ್ ಆಡಳಿತದ ಭ್ರಷ್ಟಾಚಾರ ಕಂಡು ಮರುವರ್ಷವೇ ರಾಜೀನಾಮೆ ಕೊಟ್ಟು ಹೊರಬಂದರು. ತಮ್ಮವರಿಗೂ ಹೆದರದ, ಎದುರಾಳಿಗೂ ಮಣಿಯದ ಇಂಥವರನ್ನೇ ನಾನು ಆದರ್ಶವಾದಿ ಎನ್ನುವುದು. ಆ ಮೇಜುಗಳ ಸುತ್ತ ಕುಳಿತಿದ್ದವರಲ್ಲಿ ನೆಲದ ಸತ್ಯ ಕಂಡಿದ್ದವರೂ ಇವರೇ.

ಈಗ ಆ ಕಾಗದಗಳನ್ನೇ ನೋಡೋಣ. 1993ರ ಸೆಪ್ಟೆಂಬರ್ 9ರಂದು ಅರಾಫತ್ ಮತ್ತು ರಾಬಿನ್ ಒಬ್ಬರಿಗೊಬ್ಬರು ಪತ್ರ ಬರೆದರು. ಅರಾಫತ್ ಪತ್ರ ಭರವಸೆಗಳ ಸರಮಾಲೆ: ಇಸ್ರೇಲ್ ಶಾಂತಿ ಭದ್ರತೆಗಳಲ್ಲಿ ಬಾಳುವ ಹಕ್ಕನ್ನು ಒಪ್ಪುತ್ತೇವೆ, ಭಯೋತ್ಪಾದನೆಯನ್ನು ತ್ಯಜಿಸುತ್ತೇವೆ, ನಮ್ಮ ಸಂಘಟನೆಯ ಸನ್ನದನ್ನು ತಿದ್ದುತ್ತೇವೆ. ರಾಬಿನ್ ಅವರ ಉತ್ತರ ಒಂದೇ ವಾಕ್ಯ. ನಿಮ್ಮ ಸಂಘಟನೆಯನ್ನು ಪ್ಯಾಲೆಸ್ಟೀನ್ ಜನರ ಪ್ರತಿನಿಧಿ ಎಂದು ಮಾನ್ಯ ಮಾಡಿ ಮಾತುಕತೆ ಆರಂಭಿಸುತ್ತೇವೆ, ಅಷ್ಟೇ. ರಾಷ್ಟ್ರದ ಮಾತಿಲ್ಲ, ಗಡಿಯ ಮಾತಿಲ್ಲ, ಸೇನೆ ಪೂರ್ತಿ ಹೊರಡುತ್ತದೆ ಎಂಬ ಮಾತಿಲ್ಲ. ನಾಲ್ಕು ದಿನಗಳ ಬಳಿಕ ಸಹಿಯಾದ ತತ್ತ್ವಗಳ ಘೋಷಣೆಯಲ್ಲಿ ಜೆರುಸಲೇಂ, ನಿರಾಶ್ರಿತರು, ವಸಾಹತುಗಳು, ಭದ್ರತೆ, ಗಡಿ ಎಲ್ಲವನ್ನೂ ಮುಂದಿನ ಮಾತುಕತೆಗೆ ಎತ್ತಿಟ್ಟರು. ಜಗಳವೆಂದರೆ ಇವೇ! ಇವನ್ನು ಬಿಟ್ಟರೆ ಉಳಿಯುವುದೇನು? ಮನೆ ಪಾಲು ಮಾಡಲು ಕುಳಿತ ಪಂಚಾಯಿತಿ ನಡುಮನೆ, ಅಡುಗೆಮನೆ, ಬಾವಿ ಯಾರಿಗೆಂಬುದನ್ನು ಐದು ವರ್ಷ ಬಿಟ್ಟು ನೋಡೋಣ ಎಂದು ಹೇಳಿ, ಅಲ್ಲಿಯವರೆಗೆ ಅಣ್ಣನೇ ಬೀಗದ ಕೈ ಇಟ್ಟುಕೊಳ್ಳಲಿ ಎಂದಂತೆ.

ಅದೇ ಘೋಷಣೆಯಲ್ಲಿ ಯಾರೂ ಹೆಚ್ಚು ಚರ್ಚಿಸದ ಹದಿನೈದನೆಯ ವಿಧಿಯೊಂದಿದೆ. ಒಪ್ಪಂದದ ಬಗ್ಗೆ ತಕರಾರು ಬಂದರೆ ಮೊದಲು ಜಂಟಿ ಸಮಿತಿಯಲ್ಲಿ ಮಾತನಾಡಿ, ಬಗೆಹರಿಯದಿದ್ದರೆ ಸಂಧಾನ ಮಾಡಿಕೊಳ್ಳಿ, ಅದೂ ಆಗದಿದ್ದರೆ ಪಂಚಾಯ್ತಿಗೆ ಒಪ್ಪಿಸಿ ಎನ್ನುತ್ತದೆ. ಆದರೆ ಪಂಚಾಯ್ತಿಗೆ ಹೋಗಬೇಕಾದರೆ ಇಬ್ಬರೂ ಒಪ್ಪಬೇಕು. ನೆಲ, ನೀರು, ರಸ್ತೆ, ಸುಂಕದ ಹಣ ಎಲ್ಲವೂ ಯಾರ ಕೈಯಲ್ಲಿದೆಯೋ ಅವರು ಮೂರನೆಯವರ ತೀರ್ಪಿಗೆ ಏಕೆ ಒಪ್ಪುತ್ತಾರೆ? ನಿಮ್ಮ ಊರಿನ ಯಾವ ಗೇಣಿದಾರನೂ ಇಂಥ ಕರಾರಿಗೆ ಹೆಬ್ಬೆಟ್ಟು ಒತ್ತುತ್ತಿರಲಿಲ್ಲ.

ಆಮೇಲೆ ನಡೆದದ್ದು ಗಡುವುಗಳ ಸಾವು. 1993ರ ಡಿಸೆಂಬರ್ 13ಕ್ಕೆ ಗಾಜಾ ಮತ್ತು ಪಶ್ಚಿಮ ದಂಡೆಯ ಜೆರಿಕೊ ಪಟ್ಟಣದಿಂದ ಇಸ್ರೇಲ್ ಸೇನೆಯ ವಾಪಸಾತಿ ಶುರುವಾಗಬೇಕಿತ್ತು. ಆಗಲಿಲ್ಲ. ದಿನಾಂಕಗಳೇನೂ ಪವಿತ್ರವಲ್ಲ ಎಂದರು ರಾಬಿನ್. ಐದು ವರ್ಷಗಳ ಮಧ್ಯಂತರ ಅವಧಿ 1999ರ ಮೇ 4ಕ್ಕೆ ಮುಗಿಯಬೇಕಿತ್ತು. ಮುಗಿಯಲಿಲ್ಲ. 1995ರ ಎರಡನೆಯ ಒಪ್ಪಂದದ ಪ್ರಕಾರ ಸೇನೆ ಇನ್ನೂ ಮೂರು ಹಂತಗಳಲ್ಲಿ ಹಿಂದೆ ಸರಿಯಬೇಕಿತ್ತು. ಮೂರನೆಯ ಹಂತ ಬರಲೇ ಇಲ್ಲ. ಪಶ್ಚಿಮ ದಂಡೆಯ ಸುಮಾರು ಶೇ 60ರಷ್ಟು ನೆಲ, ಅಂದರೆ 'ಸಿ' ವಲಯ, ಕೆಲವೇ ವರ್ಷಗಳಿಗೆಂದು ಇಸ್ರೇಲ್ ಸೇನೆಯ ಕೈಯಲ್ಲಿ ಉಳಿದದ್ದು ಇಂದಿಗೂ ಅಲ್ಲೇ ಇದೆ. ಅಮೆರಿಕ ಮತ್ತಿತರರು ರೂಪಿಸಿದ 2003ರ 'ಮಾರ್ಗಸೂಚಿ' 2005ರೊಳಗೆ ಪ್ಯಾಲೆಸ್ಟೀನ್ ರಾಷ್ಟ್ರ ಎಂದಿತು. 2007ರಲ್ಲಿ ಅಮೆರಿಕದ ಅನಾಪೊಲಿಸ್ ಸಭೆ 2008ರ ಅಂತ್ಯದೊಳಗೆ ಒಪ್ಪಂದ ಎಂದಿತು. 1993ರಲ್ಲಿ ಪೂರ್ವ ಜೆರುಸಲೇಂ ಬಿಟ್ಟು ಪಶ್ಚಿಮ ದಂಡೆಯಲ್ಲಿ ಸುಮಾರು 1.1 ಲಕ್ಷ ವಸಾಹತುಗಾರರಿದ್ದರು. 2000ದ ಹೊತ್ತಿಗೆ 1.9 ಲಕ್ಷ. ಈಗ 5 ಲಕ್ಷಕ್ಕೂ ಹೆಚ್ಚು. ಶಾಂತಿಯ ಮಾತು ಅತಿ ಹೆಚ್ಚು ನಡೆದ ಏಳು ವರ್ಷಗಳಲ್ಲಿಯೇ ಆ ಸಂಖ್ಯೆ ಹೆಚ್ಚುಕಡಿಮೆ ಮುಕ್ಕಾಲು ಪಾಲು ಏರಿತು ಎಂಬುದನ್ನು ಗಮನಿಸಿ. ಅಬ್ದೆಲ್ ಶಾಫಿ ಹೆದರಿದ್ದು ಇದಕ್ಕೇ.

"ಇಬ್ಬರೂ ಮಾತಿಗೆ ತಪ್ಪಿದರು" ಎಂದು ಬರೆದಿದ್ದೀರಿ. ಹಿರಿಯರಾದ ನಿಮ್ಮಿಂದ ಈ ವಾಕ್ಯವನ್ನು ನಾನು ನಿರೀಕ್ಷಿಸಿರಲಿಲ್ಲ. ಬಲವಿಲ್ಲದವನು ಮಾತಿಗೆ ತಪ್ಪಿದರೆ ಅವನನ್ನು ಶಿಕ್ಷಿಸಲು ಸೇನೆ, ತಡೆಗೇಟು, ತಡೆಹಿಡಿದ ತೆರಿಗೆ ಹಣ ಎಲ್ಲವೂ ಇವೆ. ಬಲವಿದ್ದವನು ಮಾತಿಗೆ ತಪ್ಪಿದರೆ ಅದು ಹೊಸ ವಾಸ್ತವವಾಗುತ್ತದೆ, ಮುಂದಿನ ಮಾತುಕತೆ ಅಲ್ಲಿಂದ ಆರಂಭವಾಗುತ್ತದೆ. ನೀವು ಒಪ್ಪಿಕೊಳ್ಳಿ ಎನ್ನುತ್ತಿರುವ ವಾಸ್ತವ ಹುಟ್ಟಿದ್ದು ಹೀಗೆ. 2001ರಲ್ಲಿ ಒಫ್ರಾ ಎಂಬ ವಸಾಹತಿನ ಮನೆಯೊಂದರಲ್ಲಿ ನೆತನ್ಯಾಹು ಆಡಿದ ಮಾತುಗಳ ವಿಡಿಯೊ 2010ರಲ್ಲಿ ಇಸ್ರೇಲಿನ ಟಿವಿಯಲ್ಲೇ ಪ್ರಸಾರವಾಯಿತು. ಬಿಟ್ಟುಕೊಡಬೇಕಿಲ್ಲದ ಸೇನಾ ನೆಲೆಗಳೆಂದರೆ ಯಾವುವು ಎಂಬುದನ್ನು ತಾವೇ ನಿರ್ಧರಿಸುವ ಅಧಿಕಾರ ಪಡೆದುಕೊಂಡು ಓಸ್ಲೊ ಒಪ್ಪಂದವನ್ನು ಹೇಗೆ ನಿಲ್ಲಿಸಿದೆ ಎಂದು ಆ ಮನೆಯವರಿಗೆ ಅವರು ವಿವರಿಸುತ್ತಾರೆ. ಇದು ವಿರೋಧಿಗಳ ಆರೋಪವಲ್ಲ, ಅವರದೇ ಬಾಯಿಯ ಮಾತು.

ಇದು ಓಸ್ಲೊದಿಂದ ಶುರುವಾದ ಚಾಳಿಯೂ ಅಲ್ಲ. 1978ರಲ್ಲಿ ಅಮೆರಿಕದ ಕ್ಯಾಂಪ್ ಡೇವಿಡ್‌ನಲ್ಲಿ, ಪ್ಯಾಲೆಸ್ಟೀನಿಯರ ಸ್ವಾಯತ್ತತೆಯ ಮಾತುಕತೆ ಮುಗಿಯುವವರೆಗೂ ಹೊಸ ವಸಾಹತು ಕಟ್ಟುವುದಿಲ್ಲ ಎಂದು ಇಸ್ರೇಲ್ ಪ್ರಧಾನಿ ಮೆನಾಖೆಮ್ ಬೆಗಿನ್ ಮಾತು ಕೊಟ್ಟರು ಎಂದೇ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ತಿಳಿದಿದ್ದರು. ಆಮೇಲೆ ಬೆಗಿನ್ ಕಳಿಸಿದ ಪತ್ರದಲ್ಲಿ ಇದ್ದದ್ದು ಮೂರು ತಿಂಗಳ ಮಾತು. ಕಾರ್ಟರ್ ಸಾಯುವವರೆಗೂ ಇದನ್ನು ಮರೆಯಲಿಲ್ಲ.

ಉದ್ಯೋಗಪರ್ವದಲ್ಲಿ ಐದು ಊರನ್ನಾದರೂ ಕೊಡಿ ಎಂದು ಸಂಧಿಗೆ ಹೋದ ಕಥೆ ಶಾಲೆಯಲ್ಲಿ ನೀವೇ ಪಾಠ ಮಾಡಿರುತ್ತೀರಿ. ಇಲ್ಲಿ ಮೂರು ಹಳ್ಳಿಗಳ ಕಥೆಯಿದೆ. ಅಬು ದಿಸ್, ಅಲ್ ಅಜರಿಯಾ, ಸವಾಹ್ರಾ: ಜೆರುಸಲೇಮಿಗೆ ಅಂಟಿಕೊಂಡಿರುವ ಊರುಗಳು. ಇವುಗಳ ಪೂರ್ಣ ಆಡಳಿತವನ್ನು ಪ್ಯಾಲೆಸ್ಟೀನಿಯರಿಗೆ ಬಿಟ್ಟುಕೊಡುವುದಾಗಿ ಪ್ರಧಾನಿ ಎಹುದ್ ಬರಾಕ್ ಮಾತು ಕೊಟ್ಟರು. 2000ದ ಮೇ ತಿಂಗಳಲ್ಲಿ ಇಸ್ರೇಲ್ ಸಂಸತ್ತೂ ಒಪ್ಪಿತು. ಅದೇ ದಿನ ಪಶ್ಚಿಮ ದಂಡೆಯಲ್ಲಿ ಗಲಭೆಯೆದ್ದಿತು, ಬರಾಕ್ ತಡೆಹಿಡಿದರು, ಆ ಹಳ್ಳಿಗಳು ಕೈಸೇರಲೇ ಇಲ್ಲ. ಎರಡು ತಿಂಗಳಲ್ಲಿ ಅದೇ ಅರಾಫತ್‌ರನ್ನು ಕ್ಯಾಂಪ್ ಡೇವಿಡ್‌ಗೆ ಕರೆಸಿ, ಇಡೀ ಜೆರುಸಲೇಮಿನ ಬಗ್ಗೆ ನಮ್ಮ ಮಾತನ್ನು ನಂಬಿ ಎಂದರು. ಬರಲು ಹಿಂಜರಿದವರಿಗೆ, ಸಭೆ ಸೋತರೆ ನಿಮ್ಮ ಮೇಲೆ ತಪ್ಪು ಹೊರಿಸುವುದಿಲ್ಲ ಎಂದು ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಭರವಸೆ ಕೊಟ್ಟಿದ್ದರು ಎಂದು ಅಮೆರಿಕದ ತಂಡದಲ್ಲಿದ್ದವರೇ ಬರೆದಿದ್ದಾರೆ. ಸಭೆ ಮುರಿದ ದಿನವೇ ಅದೇ ಕ್ಲಿಂಟನ್ ಬರಾಕ್‌ರನ್ನು ಹೊಗಳಿ ಅರಾಫತ್ ಕಡೆಗೆ ಬೆರಳು ತೋರಿಸಿದರು. ಅಲ್ಲಿ ಇಟ್ಟ ಪ್ರಸ್ತಾಪ ಅದುವರೆಗಿನ ಎಲ್ಲಕ್ಕಿಂತ ದೊಡ್ಡದಾಗಿತ್ತು ಎಂಬುದು ನಿಜ. ಅದಕ್ಕೆ ಅರಾಫತ್ ಗಟ್ಟಿಯಾದ ಮರುಪ್ರಸ್ತಾಪ ಮುಂದಿಡಲಿಲ್ಲ ಎಂಬುದೂ ನಿಜ. ಆದರೆ ಮೂರು ಹಳ್ಳಿಯ ಮಾತನ್ನು ಉಳಿಸಿಕೊಳ್ಳದವರು ಹೇಳುವ ಮೂರು ಸಾವಿರ ವರ್ಷದ ನಗರದ ಮಾತನ್ನು ಯಾವ ಧೈರ್ಯದ ಮೇಲೆ ನಂಬಬೇಕಿತ್ತು?

ಇನ್ನೊಂದು ಪ್ರಸಂಗ ನನ್ನನ್ನು ಬಿಡದೆ ಕಾಡುತ್ತದೆ. 2008ರ ಸೆಪ್ಟೆಂಬರ್ 16, ಜೆರುಸಲೇಮಿನಲ್ಲಿ ಪ್ರಧಾನಿ ಎಹುದ್ ಓಲ್ಮರ್ಟ್ ಅವರ ಮನೆ. ಪಶ್ಚಿಮ ದಂಡೆಯ ಬಹುಪಾಲನ್ನು ಬಿಟ್ಟುಕೊಟ್ಟು, ಇಟ್ಟುಕೊಂಡದ್ದಕ್ಕೆ ಪ್ರತಿಯಾಗಿ ಇಸ್ರೇಲಿನ ನೆಲ ಕೊಡುವ ನಕ್ಷೆಯೊಂದನ್ನು ಅವರು, ಅರಾಫತ್ ನಂತರ ಪ್ಯಾಲೆಸ್ಟೀನಿಯರ ಅಧ್ಯಕ್ಷರಾದ ಮಹಮೂದ್ ಅಬ್ಬಾಸ್ ಮುಂದೆ ಹರಡಿದರು. ಅಬ್ಬಾಸ್ ಪ್ರತಿ ಕೇಳಿದರು. ಸಹಿ ಹಾಕಿದರೆ ಮಾತ್ರ ಎಂದರು ಓಲ್ಮರ್ಟ್. ತಜ್ಞರಿಗೆ ತೋರಿಸದೆ ಹೇಗೆ ಸಹಿ ಹಾಕಲಿ ಎಂದ ಅಬ್ಬಾಸ್, ಕಂಡದ್ದನ್ನು ನೆನಪಿನಿಂದ ಒಂದು ಹಾಳೆಯ ಮೇಲೆ ಗೀಚಿಕೊಂಡರು. ಒಂದು ಜನಾಂಗದ ನಾಳೆಯ ಗಡಿ ಒಬ್ಬ ಮುದುಕರ ಕೈಬರಹದ ಗೆರೆಯಲ್ಲಿ! ಮತ್ತೆ ಸೇರೋಣ ಎಂದುಕೊಂಡರು, ಸೇರಲಿಲ್ಲ. ಭ್ರಷ್ಟಾಚಾರದ ಆರೋಪಗಳಲ್ಲಿ ಸಿಕ್ಕಿದ್ದ ಓಲ್ಮರ್ಟ್ ಅದೇ ವಾರ ರಾಜೀನಾಮೆ ಕೊಟ್ಟರು. ಅಬ್ಬಾಸ್ ಅವಕಾಶ ಕಳೆದುಕೊಂಡರು ಎಂದು ಎಲ್ಲರೂ ಬರೆಯುತ್ತಾರೆ. ನಕ್ಷೆಯ ಒಂದು ಪ್ರತಿಯನ್ನು ಕೊಡಲಾಗದಷ್ಟು ಅಪನಂಬಿಕೆಯಿದ್ದ ಕೋಣೆಯಲ್ಲಿ ಯಾವ ಅವಕಾಶ ಉಳಿದಿತ್ತು ಎಂದು ಯಾರೂ ಕೇಳುವುದಿಲ್ಲ.

2013ರಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜಾನ್ ಕೆರಿ ಒಂಬತ್ತು ತಿಂಗಳ ಗಡುವಿಟ್ಟು ಮಾತುಕತೆಯನ್ನು ಮತ್ತೆ ಶುರುಮಾಡಿದರು. ಓಸ್ಲೊಗೂ ಮುಂಚೆ ಸೆರೆಯಾಗಿದ್ದ 104 ಕೈದಿಗಳನ್ನು ನಾಲ್ಕು ಕಂತುಗಳಲ್ಲಿ ಬಿಡುವುದಾಗಿ ಇಸ್ರೇಲ್ ಒಪ್ಪಿತು, ಅಲ್ಲಿಯವರೆಗೆ ಅಂತರರಾಷ್ಟ್ರೀಯ ಸಂಸ್ಥೆಗಳ ಸದಸ್ಯತ್ವ ಕೇಳುವುದಿಲ್ಲ ಎಂದು ಅಬ್ಬಾಸ್ ಒಪ್ಪಿದರು. ಮೂರು ಕಂತು ಬಂತು, ನಾಲ್ಕನೆಯದು ಬರಲಿಲ್ಲ. ಅಬ್ಬಾಸ್ 15 ಅಂತರರಾಷ್ಟ್ರೀಯ ಒಡಂಬಡಿಕೆಗಳಿಗೆ ಸಹಿ ಹಾಕಿದರು. ಅಲ್ಲಿಗೆ ಮುಗಿಯಿತು.

ಮಾತಿಗೆ ತಪ್ಪುವ ಈ ಪಾಠವನ್ನು ಆ ನೆಲಕ್ಕೆ ಕಲಿಸಿದವರು ಬ್ರಿಟಿಷರು, ಮತ್ತು ಅದರಲ್ಲಿ ನಮ್ಮವರ ರಕ್ತವೂ ಸೇರಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಕುದುರೆ ಪಡೆಯಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಇದ್ದರು. ಮೆಷಿನ್ ಗನ್ನುಗಳ ಎದುರು ಈಟಿ ಹಿಡಿದು ಏರಿಹೋದ ಆ ಸವಾರರ ಶೌರ್ಯದ ಬಗ್ಗೆ ನಾವು ಭಾಷಣ ಮಾಡುತ್ತೇವೆ. ಅವರು ಗೆದ್ದುಕೊಟ್ಟ ನೆಲವನ್ನು ಅಷ್ಟರಲ್ಲಾಗಲೇ ಹಲವರಿಗೆ ಹಂಚಿಯಾಗಿತ್ತು ಎಂಬುದನ್ನು ಹೇಳುವುದಿಲ್ಲ. ಅರಬರಿಗೆ ಸ್ವಾತಂತ್ರ್ಯವೆಂದು ಬ್ರಿಟಿಷ್ ಅಧಿಕಾರಿಯೊಬ್ಬರು ಬರೆದ 1915-16ರ ಮ್ಯಾಕ್‌ಮಹೋನ್ ಪತ್ರಗಳು, ಫ್ರೆಂಚರ ಜೊತೆ ಪಾಲು ಹಂಚಿಕೆಯೆಂದು 1916ರ ಗುಟ್ಟಿನ ಕರಾರು, ಯಹೂದಿಗಳಿಗೆ ರಾಷ್ಟ್ರೀಯ ನೆಲೆಯೆಂದು ಬ್ರಿಟಿಷ್ ವಿದೇಶಾಂಗ ಮಂತ್ರಿಯ 1917ರ ನವೆಂಬರ್ 2ರ ಬಾಲ್‌ಫರ್ ಪತ್ರ. ಆ ಬಾಲ್‌ಫರ್ ಅವರೇ 1919ರಲ್ಲಿ ಸರ್ಕಾರದ ಒಳಗಿನ ಟಿಪ್ಪಣಿಯೊಂದರಲ್ಲಿ, ಪ್ಯಾಲೆಸ್ಟೀನಿನ ವಿಷಯದಲ್ಲಿ ಮಹಾಶಕ್ತಿಗಳು ಮಾಡಿದ ನೀತಿ ಘೋಷಣೆಗಳಲ್ಲಿ, ಅಕ್ಷರದ ಮಟ್ಟಿಗಾದರೂ, ಮುರಿಯುವ ಉದ್ದೇಶವಿಲ್ಲದ್ದು ಒಂದೂ ಇಲ್ಲ ಎಂಬರ್ಥದ ಮಾತು ಬರೆದರು. ಓಸ್ಲೊದ ಮೇಜಿಗೆ ಬಂದ ಪ್ಯಾಲೆಸ್ಟೀನಿಯರು ಈ ನೆನಪನ್ನು ಹೊತ್ತೇ ಬಂದಿದ್ದರು.

ಇಷ್ಟು ಹೇಳುವಾಗ ನಮ್ಮ ವೃತ್ತಿಯ ಮೇಲಿನ ಸಿಟ್ಟನ್ನೂ ಹೇಳಿಬಿಡುತ್ತೇನೆ. 1993ರ ಆ ಸೆಪ್ಟೆಂಬರಿನಲ್ಲಿ ನಾನು ದಿನಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಹೊಸಬ. ಕೈಕುಲುಕಿನ ಚಿತ್ರ ಮುಖಪುಟದಲ್ಲಿ ಅರ್ಧ ಪುಟ ತುಂಬಿತು. ಒಪ್ಪಂದದಲ್ಲಿ ಏನಿದೆ ಎಂದು ಏಜೆನ್ಸಿಯಿಂದ ಬಂದ ಉದ್ದನೆಯ ಬರಹವನ್ನು ಜಾಗವಿಲ್ಲವೆಂದು ಹಿರಿಯರೊಬ್ಬರು ಎರಡು ಪ್ಯಾರಾಕ್ಕೆ ಇಳಿಸಿದರು. ಅಂದಿನಿಂದ ಇಂದಿನವರೆಗೂ ಹೀಗೆಯೇ ನಡೆದಿದೆ. ಬಾಂಬು ಬಿದ್ದ ದಿನ ಸುದ್ದಿ, ಕೈಕುಲುಕಿದ ದಿನ ಸುದ್ದಿ. ನಡುವಿನ ವರ್ಷಗಳಲ್ಲಿ ಗುಡ್ಡದ ಮೇಲೆ ಏಳುವ ಮನೆಗಳು, ಅಪ್ಪಣೆ ಸಿಗದೆ ಕೊರೆಯಲಾಗದ ಬಾವಿಗಳು, ಬೇಲಿಯಾಚೆ ಉಳಿದ ಆಲಿವ್ ತೋಟಗಳು ಸುದ್ದಿಯಲ್ಲ. ಈಗಂತೂ ನಮ್ಮ ಟಿವಿ ವಾಹಿನಿಗಳಲ್ಲಿ ಗಾಜಾದ ಮಗುವಿನ ಹೆಣವೂ ನಮ್ಮ ಊರಿನ ಜಾತಿ ಧರ್ಮದ ಜಗಳಕ್ಕೆ ಸೌದೆ. ವರ್ಷಗಟ್ಟಲೆ ಏನೂ ತಿಳಿಸದೆ ಇದ್ದು, ಕೊನೆಗೆ ಓದುಗರ ಬಾಯಲ್ಲಿ "ಇಬ್ಬರೂ ಅಷ್ಟೇ" ಎಂಬ ಮಾತು ಬಂದರೆ ತಪ್ಪು ನಿಮಗಿಂತ ನಮ್ಮದೇ ಹೆಚ್ಚು.

ಆದರ್ಶವಾದಿಗಳ ಮಾತಿಗೆ ಮರಳುತ್ತೇನೆ. ಇಸ್ರೇಲಿನ ಕಡೆಯಲ್ಲೂ ಅವರಿದ್ದರು, ಇದ್ದಾರೆ. ವಿವಿಯನ್ ಸಿಲ್ವರ್ ಎಂಬಾಕೆ ಕೆನಡಾದಲ್ಲಿ ಹುಟ್ಟಿ ಇಸ್ರೇಲಿಗೆ ಬಂದು ಗಾಜಾ ಗಡಿಗೆ ಹತ್ತಿರದ ಬೇರಿ ಎಂಬ ಕಿಬುಟ್ಸಿನಲ್ಲಿ (ಸಹಕಾರಿ ಹಳ್ಳಿಯಲ್ಲಿ) ನೆಲೆಸಿದವರು, 2014ರಲ್ಲಿ ಶಾಂತಿಗಾಗಿ ಮಹಿಳೆಯರ ಚಳವಳಿಯೊಂದನ್ನು ಕಟ್ಟಿದವರಲ್ಲಿ ಒಬ್ಬರು. ಗಾಜಾದಿಂದ ಚಿಕಿತ್ಸೆಗೆಂದು ಬರುವ ರೋಗಿಗಳನ್ನು ಗಡಿಯಿಂದ ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಮುಟ್ಟಿಸುತ್ತಿದ್ದರು. 2023ರ ಅಕ್ಟೋಬರ್ 7ರಂದು ಹಮಾಸ್ ಕೊಂದ ಸುಮಾರು 1,200 ಮಂದಿಯಲ್ಲಿ 74 ವರ್ಷದ ಆಕೆಯೂ ಇದ್ದರು. ಮೊದಲು ಒತ್ತೆಯಾಳಾಗಿದ್ದಾರೆ ಎಂದುಕೊಂಡಿದ್ದರು, ನವೆಂಬರಿನಲ್ಲಿ ಅವಶೇಷಗಳ ಗುರುತು ಸಿಕ್ಕಿತು. ಆ ವೇಳೆಗೆ ಇಸ್ರೇಲಿನ ಪ್ರತಿದಾಳಿಯಲ್ಲಿ ಗಾಜಾದಲ್ಲಿ ಸತ್ತವರ ಲೆಕ್ಕ ಹತ್ತು ಸಾವಿರ ದಾಟಿತ್ತು, ಮುಂದೆ ಹತ್ತಾರು ಸಾವಿರಗಳಾಯಿತು. ಅಷ್ಟಾದರೂ ಆಕೆಯ ಮಗ ಸೇಡಿನ ಮಾತಾಡದೆ, ತಾಯಿ ಬಿಟ್ಟ ಕೆಲಸವನ್ನು ಹಿಡಿದರು. ಈ ಹೆಂಗಸು ಕನಸು ಮಾರಿದವರ ಪಟ್ಟಿಯಲ್ಲಿ ಸೇರುತ್ತಾರೆಯೇ? ಹಾಗೆಂದು ನಿಮ್ಮ ಮನಸ್ಸೂ ಒಪ್ಪುವುದಿಲ್ಲ ಎಂದು ನನಗೆ ಗೊತ್ತು.

ಮಾತುಕತೆ ಬಿಟ್ಟುಬಿಡೋಣವೇ ಎಂದು ಕೇಳಿದ್ದೀರಿ. ಬಿಡಬಾರದು. ಆದರೆ ನಾಳೆ ಇನ್ನೊಂದು ಒಪ್ಪಂದದ ಸಹಿಯ ಚಿತ್ರ ಬಂದರೆ ನಾನು ಮೊದಲು ನೋಡುವುದು ಅದರ ಜೊತೆ ನಕ್ಷೆ ಲಗತ್ತಾಗಿದೆಯೇ, ವಸಾಹತು ನಿಲ್ಲುವ ದಿನಾಂಕ ಬರೆದಿದೆಯೇ, ತಪ್ಪಿದವರನ್ನು ಕೇಳುವ ಮೂರನೆಯವರು ಇದ್ದಾರೆಯೇ ಎಂಬುದನ್ನು. 2024ರ ಜುಲೈ 19ರಂದು ಅಂತರರಾಷ್ಟ್ರೀಯ ನ್ಯಾಯಾಲಯ ಆಕ್ರಮಿತ ಪ್ಯಾಲೆಸ್ಟೀನ್ ನೆಲದಲ್ಲಿ ಇಸ್ರೇಲ್ ಇರುವುದೇ ಕಾನೂನುಬಾಹಿರ, ಅದು ಆದಷ್ಟು ಬೇಗ ಕೊನೆಗೊಳ್ಳಬೇಕು ಎಂದು ಅಭಿಪ್ರಾಯ ಕೊಟ್ಟಿತು. ಸೆಪ್ಟೆಂಬರ್ 18ರಂದು ವಿಶ್ವಸಂಸ್ಥೆಯ ಮಹಾಸಭೆ ಅದಕ್ಕೆ ಹನ್ನೆರಡು ತಿಂಗಳ ಗಡುವಿಟ್ಟಿತು. 124 ದೇಶಗಳು ಪರವಾಗಿ ಮತ ಹಾಕಿದವು. ತಟಸ್ಥವಾಗಿ ಕುಳಿತ 43ರಲ್ಲಿ ಭಾರತವೂ ಒಂದು. ಮರುವರ್ಷದ ಸೆಪ್ಟೆಂಬರಿನಲ್ಲಿ ಎರಡು ರಾಷ್ಟ್ರಗಳ ಪರಿಹಾರವನ್ನು ಬೆಂಬಲಿಸುವ ಘೋಷಣೆ ಬಂದಾಗ ನಾವು ಪರವಾಗಿ ಮತ ಹಾಕಿದೆವು. ಅದಕ್ಕೆ ಸಂತೋಷ. ಆದರೆ ಗಡುವಿಟ್ಟ ನಿರ್ಣಯದ ದಿನ ನಮ್ಮ ದೇಶದ ಕೈ ಏಕೆ ಏಳಲಿಲ್ಲ ಎಂದು ನಿಮ್ಮ ಸಂಸದರಿಗೂ ಒಂದು ಪತ್ರ ಬರೆಯಿರಿ. ಉತ್ತರ ಬಂದರೆ ನಮಗೆ ಕಳಿಸಿ, ಇದೇ ಪುಟದಲ್ಲಿ ಪೂರ್ತಿಯಾಗಿ ಅಚ್ಚು ಹಾಕುತ್ತೇನೆ.